ಮಗಳ ದವಡೆ ಟಕ್ ಅನ್ನುತ್ತೆ, ಹಲ್ಲಿಗೆ ಕ್ಲಿಪ್ ಹಾಕಿಸಿದ್ರೆ ಸರಿಹೋಗುತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಐದಾರು ತಿಂಗಳಿಂದ ಬಾಯಿ ತೆಗೆದಾಗ ಬಲಗಡೆ ಕಿವಿ ಹತ್ರ ಟಕ್ ಅಂತ ಸದ್ದು ಬರುತ್ತೆ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದಾಗ ಕೆನ್ನೆ ನೋವು, ಕಿವಿ ನೋವು ಅಂತಾಳೆ. ಕಿವಿ ಡಾಕ್ಟರ್ ನೋಡಿ ಕಿವಿಯಲ್ಲಿ ಏನೂ ಇಲ್ಲ ಅಂದ್ರು. ಮೊನ್ನೆ ಆಕಳಿಸುವಾಗ ದವಡೆ ಒಂದು ಕ್ಷಣ ಸಿಕ್ಕಿಹಾಕ್ಕೊಂಡ ಹಾಗಾಯ್ತಂತೆ, ಹೆದರಿಬಿಟ್ಟಿದ್ದಾಳೆ. ಮೇಲಿನ ಹಲ್ಲು ಸ್ವಲ್ಪ ಮುಂದಿದೆ, ಕೆಳಗಡೆ ಒತ್ತೊತ್ತಾಗಿದೆ. ಇಲ್ಲೇ ನಮ್ಮ ಏರಿಯಾದ ಒಂದು ಕ್ಲಿನಿಕ್‌ನಲ್ಲಿ, ಬೈಟ್ ಅಂದ್ರೆ ಮೇಲಿನ ಕೆಳಗಿನ ಹಲ್ಲು ಕೂರೋ ರೀತಿ ಸರಿ ಇಲ್ಲ ಅದಕ್ಕೇ ಕೀಲು ಸವೀತಿದೆ, ಈಗ್ಲೇ ಕ್ಲಿಪ್ ಹಾಕ್ಸಿ, ಇಲ್ಲಾಂದ್ರೆ ಮುಂದೆ ಆಪರೇಷನ್ನೇ ಗತಿ ಅಂದ್ರು. ನಮ್ಮ ನಾದಿನಿ ಹೇಳೋದು ಉಲ್ಟಾ. ಅವರ ಮಗನಿಗೆ ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿದ ಮೇಲೇನೇ ದವಡೆ ನೋವು ಶುರುವಾಯ್ತಂತೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಯಾರ ಮಾತು ಕೇಳೋದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ, ಎರಡಕ್ಕೂ ಯಾರೋ ಗಂಟು ಹಾಕಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಮಗಳ ದವಡೆ ಯಾಕೆ ನೋಯ್ತಿದೆ ಅನ್ನೋದು ಒಂದು, ಮಗಳ ಹಲ್ಲು ನೇರ ಮಾಡಿಸ್ಬೇಕಾ ಅನ್ನೋದು ಇನ್ನೊಂದು. ಕ್ಲಿನಿಕ್‌ನವರು ಹಲ್ಲಿಂದ್ಲೇ ಕೀಲು ಕೆಟ್ಟಿದೆ ಅಂದ್ರು, ನಾದಿನಿ ಕ್ಲಿಪ್ಪಿಂದ್ಲೇ ಕೀಲು ಕೆಡುತ್ತೆ ಅಂದ್ರು. ಒಬ್ರಿಗೊಬ್ರು ವಿರುದ್ಧ ಮಾತಾಡ್ತಿರೋ ಹಾಗೆ ಕಂಡ್ರೂ ಇಬ್ರೂ ನಂಬಿರೋದು ಒಂದನ್ನೇ, ಹಲ್ಲು ಕೂರೋ ರೀತಿಯೇ ಕೀಲಿನ ಹಣೆಬರಹ ಬರೆಯುತ್ತೆ ಅಂತ. ಆ ನಂಬಿಕೆಗೇ ಈಗ ಬುಡ ಗಟ್ಟಿ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕ್ತಿರೋನು, ಅದೇ ನನ್ನ ಅನ್ನ, ಆದ್ರೂ ಹೇಳ್ತೀನಿ, ಕೀಲು ನೋವಿಗೆ ಔಷಧಿ ಅಂತ ಕ್ಲಿಪ್ ಹಾಕಿಸ್ಬೇಡಿ. ಕೀಲು ಹಾಳಾಗುತ್ತೆ ಅನ್ನೋ ಭಯಕ್ಕೆ ಬೇಕಾದ ಕ್ಲಿಪ್ ಬಿಡೋದೂ ಬೇಡ.

ಮೊದಲು ಆ ಟಕ್ ಅನ್ನೋದು ಏನು ಅಂತ ನೋಡೋಣ. ನಿಮ್ಮದೇ ತೋರುಬೆರಳನ್ನ ಕಿವಿ ತೂತಿನ ಮುಂದಗಡೆ ಇಟ್ಟು ಬಾಯಿ ನಿಧಾನಕ್ಕೆ ತೆಗೀರಿ. ಮೊದಲು ಏನೋ ಉರುಳಿದ ಹಾಗೆ, ಆಮೇಲೆ ಬೆರಳ ಕೆಳಗಿಂದ ಮುಂದಕ್ಕೆ ಜಾರಿಹೋದ ಹಾಗೆ ಗೊತ್ತಾಗುತ್ತೆ. ಮೊಣಕೈ ಥರ ಬರೀ ಮಡಚೋ ಕೀಲಲ್ಲ ಇದು, ತಿರುಗುತ್ತೆ, ಜಾರುತ್ತೆ, ಅದೂ ಎಡಕ್ಕೊಂದು ಬಲಕ್ಕೊಂದು ಇರೋ ಎರಡೂ ಒಟ್ಟಿಗೇ ಕೆಲಸ ಮಾಡ್ಬೇಕು. ಕೆಳದವಡೆಯ ತುದಿ ಗುಂಡಗಿದೆ, ಅದು ಕೂರೋ ಗುಂಡಿ ತಲೆಬುರುಡೆಯಲ್ಲಿದೆ, ಮಧ್ಯೆ ಒಂದು ಚಿಕ್ಕ ಮೆತ್ತೆ ಇದೆ, ಡಿಸ್ಕ್ ಅಂತೀವಿ. ಬಾಯಿ ತೆಗೆದಾಗ ಡಿಸ್ಕ್ ಕೂಡ ಮೂಳೆ ಜೊತೆಗೇ ಜಾರ್ಬೇಕು. ಕೆಲವರಲ್ಲಿ ಅದು ಸ್ವಲ್ಪ ಮುಂದೆ ಸರಿದು ಕೂತಿರುತ್ತೆ, ಬಾಯಿ ತೆಗೆಯುವಾಗ ಮೂಳೆ ಹಾರಿ ಅದರ ಮೇಲೆ ಕೂತ್ಕೊಳ್ಳುತ್ತೆ, ಆಗ ಟಕ್. ಪಾನಿಪೂರಿ ಬಾಯಿಗೆ ಹಾಕ್ಕೊಳ್ಳುವಾಗ ಪಕ್ಕದಲ್ಲಿ ನಿಂತವರಿಗೂ ಕೇಳಿಸೋ ಅಷ್ಟು ಜೋರಾಗಿ ಟಕ್ ಅನ್ನೋ ಹುಡುಗೀರನ್ನ ನೋಡಿದೀನಿ, ನೋವು ಒಂದು ಚೂರೂ ಇರಲ್ಲ. ನೋವಿಲ್ಲದ, ಬಾಯಿ ಪೂರ್ತಿ ತೆರೆಯೋ, ಬರೀ ಸದ್ದು ಮಾಡೋ ಕೀಲಿಗೆ ಚಿಕಿತ್ಸೆಯೇ ಬೇಕಾಗಿಲ್ಲ, ಬೆರಳು ನೆಟಿಗೆ ತೆಗೆದಾಗ ಬರೋ ಸದ್ದಿಗೆ ಯಾರೂ ಆಸ್ಪತ್ರೆಗೆ ಹೋಗಲ್ವಲ್ಲ ಹಾಗೆ.

ಕಿವಿ ನೋವಿಗೂ ಉತ್ತರ ಇಲ್ಲೇ ಇದೆ. ಕೀಲು ಕಿವಿಗೆ ಅಂಟಿಕೊಂಡೇ ಇದೆ, ಅಲ್ಲಿ ನೋವಾದ್ರೆ ತಲೆಗೆ ಅದು ಕಿವಿ ನೋವು ಅಂತಾನೇ ಸುದ್ದಿ ಹೋಗುತ್ತೆ. ಕಿವಿ ಡಾಕ್ಟರ್ ಹತ್ರ ಹೋಗಿದ್ದು ಸರಿಯಾಗೇ ಆಯ್ತು, ಒಂದು ಅನುಮಾನ ಕಮ್ಮಿಯಾಯ್ತು.

ನಿಮ್ಮ ಮಗಳನ್ನ ನಾನು ನೋಡಿಲ್ಲ, ಹಾಗಾಗಿ ಇದೇ ಅಂತ ಹೇಳಕ್ಕಾಗಲ್ಲ, ಆದ್ರೆ ಬೆಳಿಗ್ಗೆ ಎದ್ದಾಗ್ಲೇ ಕೆನ್ನೆ ನೋಯುತ್ತೆ ಅನ್ನೋ ಮಾತು ಕೇಳಿದ ತಕ್ಷಣ ನನಗೆ ಮೊದಲು ಅನುಮಾನ ಬರೋದು ಮಾಂಸಖಂಡದ ಮೇಲೆ, ಅಂದ್ರೆ ರಾತ್ರಿ ಹಲ್ಲು ಕಡಿಯೋದು ಅಥವಾ ಸದ್ದಿಲ್ಲದೆ ಬಿಗಿಹಿಡಿಯೋದು. ಒಂದು ವಾರ ಅವಳ ಪಕ್ಕ ಮಲಗಿ ನೋಡಿ. ಹಗಲಲ್ಲೂ ಗಮನಿಸಿ, ಲೆಕ್ಕ ಮಾಡುವಾಗ, ಮೊಬೈಲ್ ನೋಡುವಾಗ ಹಲ್ಲಿಗೆ ಹಲ್ಲು ಒತ್ತಿ ಕೂತಿರ್ತಾಳಾ ಅಂತ. ಸುಮ್ಮನಿದ್ದಾಗ ಮೇಲಿನ ಹಲ್ಲು ಕೆಳಗಿನ ಹಲ್ಲು ಮುಟ್ಟಲೇಬಾರದು, ತುಟಿ ಮುಚ್ಚಿರ್ಬೇಕು ಹಲ್ಲು ಬಿಟ್ಟಿರ್ಬೇಕು. ಇದನ್ನ ಹೇಳಿದ್ರೆ ಅಪ್ಪ ಅಮ್ಮಂದಿರೇ ಆಶ್ಚರ್ಯಪಡ್ತಾರೆ, ಹಾಗೆ ಹೇಳುವಾಗ ಅವರ ಹಲ್ಲೇ ಒತ್ತಿಕೊಂಡಿರುತ್ತೆ.

ಇನ್ನು ಆಕಳಿಸುವಾಗ ಸಿಕ್ಕಿಹಾಕ್ಕೊಂಡಿದ್ದು. ಇಲ್ಲಿ ಅವಳನ್ನ ಕೂರಿಸಿ ಒಂದು ಮಾತು ಕೇಳ್ಬೇಕು, ತೆಗೆದ ಬಾಯಿ ಮುಚ್ಚಕ್ಕೆ ಆಗ್ಲಿಲ್ವಾ, ಇಲ್ಲಾ ಅರ್ಧಕ್ಕೆ ನಿಂತು ಪೂರ್ತಿ ತೆಗಿಯಕ್ಕೆ ಆಗ್ಲಿಲ್ವಾ? ಮೊದಲನೇದು ಕೀಲು ಅತಿಯಾಗಿ ಮುಂದೆ ಜಾರಿ ನಿಂತಿದ್ದು, ಮೈಯ ಕೀಲುಗಳೆಲ್ಲ ಸಡಿಲವಾಗಿರೋ ಮಕ್ಕಳಲ್ಲಿ ಆಗುತ್ತೆ, ಹೆಬ್ಬೆರಳು ಬಗ್ಗಿಸಿ ಮುಂಗೈಗೆ ಮುಟ್ಟಿಸ್ತಾರಲ್ಲ ಅಂಥವರು. ಎರಡನೇದು ಡಿಸ್ಕ್ ಅಡ್ಡ ಸಿಕ್ಕಿದ್ದು. ಎರಡಕ್ಕೂ ಎಚ್ಚರಿಕೆ ಬೇರೆ ಬೇರೆ. ಸಾಮಾನ್ಯವಾಗಿ ಬಾಯಿ 40 ಮಿಲಿಮೀಟರ್‌ಗಿಂತ ಜಾಸ್ತಿ ತೆರೆಯುತ್ತೆ, ಅವಳದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ಹೋಗುತ್ತಾ ನೋಡಿ. ಹೋದ್ರೆ ಸದ್ಯಕ್ಕೆ ಸಮಾಧಾನ. ಯಾವತ್ತಾದ್ರೂ ಟಕ್ ಅನ್ನೋದು ಇದ್ದಕ್ಕಿದ್ದ ಹಾಗೆ ನಿಂತು, ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯದೇ ಹೋದ್ರೆ ಸದ್ದು ಹೋಯ್ತು ಅಂತ ಖುಷಿಪಡ್ಬೇಡಿ, ಆ ವಾರವೇ ತೋರಿಸಿ.

ಬೈಟ್ ಸರಿ ಇಲ್ಲದ್ದಕ್ಕೇ ಕೀಲು ಕೆಡುತ್ತೆ ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, ಅದು ತುಂಬ ಹಳೇದು. 1934 ರಲ್ಲಿ ಕಾಸ್ಟನ್ ಅನ್ನೋ ಅಮೆರಿಕದ ಕಿವಿ ಮೂಗು ಗಂಟಲು ಡಾಕ್ಟರ್ ಒಬ್ರು, ಹಿಂದಿನ ಹಲ್ಲು ಹೋಗಿ ದವಡೆ ಕುಸಿದಾಗ ಕೀಲು ಒತ್ತಿ ಕಿವಿ ನೋವು ಬರುತ್ತೆ ಅಂತ ಬರೆದ್ರು. ಅಲ್ಲಿಂದ ಹಿಡಿದು ಐವತ್ತು ವರ್ಷ ದಂತವೈದ್ಯರೆಲ್ಲ ಹಲ್ಲು ಸವೆಸಿ ಸಮ ಮಾಡೋದು, ಕ್ಯಾಪ್ ಹಾಕೋದು, ಕ್ಲಿಪ್ ಹಾಕೋದು, ಇದರಲ್ಲೇ ಕೀಲು ಸರಿ ಮಾಡಕ್ಕೆ ಹೋದ್ರು. 1987 ರಲ್ಲಿ ಮಿಷಿಗನ್‌ನಲ್ಲಿ ಒಂದು ಕೇಸ್ ಆಯ್ತು, ನಿಮ್ಮ ನಾದಿನಿ ಹೇಳಿದ್ದೇ ವಾದ, ಹಲ್ಲು ಕೀಳಿಸಿ ಕ್ಲಿಪ್ ಹಾಕಿದ್ದಕ್ಕೇ ಹುಡುಗಿಗೆ ಕೀಲು ನೋವು ಬಂತು ಅಂತ, ಆರ್ಥೊಡಾಂಟಿಸ್ಟ್ ಅಂದ್ರೆ ಕ್ಲಿಪ್ ಹಾಕಿದ ಡಾಕ್ಟರ್ ಲಕ್ಷಗಟ್ಟಲೆ ಡಾಲರ್ ಕಟ್ಟೋ ಹಾಗೆ ತೀರ್ಪು ಬಂತು. ನಮ್ಮ ಜನ ಬೆಚ್ಚಿಬಿದ್ದು ಅಧ್ಯಯನದ ಮೇಲೆ ಅಧ್ಯಯನ ಮಾಡಿಸಿದ್ರು. ಒಳ್ಳೇದೇ ಆಯ್ತು ಅನ್ನಿ, ಅಲ್ಲಿವರೆಗೂ ಸರಿಯಾಗಿ ಎಣಿಸಿದವರು ಕಮ್ಮಿ.

ಇಂಥ ಅಧ್ಯಯನಗಳಲ್ಲಿ ನನಗೆ ಇಷ್ಟವಾದದ್ದು ಬ್ರಿಟನ್ನಿನ ಕಾರ್ಡಿಫ್‌ನದು, ಅದು ಆ ಕೇಸಿಗೂ ಮುಂಚೆಯೇ ಶುರುವಾಗಿತ್ತು. 1981 ರಲ್ಲಿ 11-12 ವರ್ಷದ ಸಾವಿರಕ್ಕೂ ಹೆಚ್ಚು ಶಾಲೆ ಮಕ್ಕಳನ್ನ ಪರೀಕ್ಷೆ ಮಾಡಿ, ಕ್ಲಿಪ್ ಹಾಕ್ಸಿದವರು ಹಾಕ್ಸದವರು ಎಲ್ಲರನ್ನೂ 20 ವರ್ಷ ಹಿಂಬಾಲಿಸಿದ್ರು. ಕೊನೆವರೆಗೂ ಸಿಕ್ಕಿದ್ದು 337 ಜನ, ಮೂರರಲ್ಲಿ ಒಂದು ಪಾಲು, ಅದು ಆ ಅಧ್ಯಯನದ ಬಲಹೀನತೆ, ಮುಚ್ಚಿಡಲ್ಲ. 2009 ರಲ್ಲಿ ಫಲಿತಾಂಶ ಬಂತು, ಕ್ಲಿಪ್ ಕೀಲು ತೊಂದರೆನ ತರೋದೂ ಇಲ್ಲ, ಬರದ ಹಾಗೆ ತಡೆಯೋದೂ ಇಲ್ಲ. ದೊಡ್ಡವರಾದ ಮೇಲೆ ತೊಂದರೆ ಇರುತ್ತಾ ಅಂತ ಸೂಚಿಸಿದ್ದು ಎರಡೇ, ಹೆಣ್ಣಾಗಿರೋದು ಮತ್ತೆ ಹದಿಹರೆಯದಲ್ಲೇ ತೊಂದರೆ ಇದ್ದಿದ್ದು. ಬೇರೆ ಕಡೆಯ ಅಧ್ಯಯನಗಳೂ ಬಹುಪಾಲು ಇದೇ ದಿಕ್ಕಿಗೇ ಬೊಟ್ಟು ಮಾಡ್ತವೆ.

ಹಾಗಾದ್ರೆ ನಾದಿನಿ ಮಗ? ಅವನ ನೋವು ಸುಳ್ಳು ಅಂತ ನಾನು ಹೇಳ್ತಿಲ್ಲ. ಕೀಲಿನ ತೊಂದರೆ ಶುರುವಾಗೋ ವಯಸ್ಸು ಹದಿಮೂರರಿಂದ ಮೇಲಕ್ಕೆ, ಕ್ಲಿಪ್ ಹಾಕೋ ವಯಸ್ಸೂ ಅದೇ. ಎರಡೂ ಒಂದೇ ಬಸ್ಸಲ್ಲಿ ಬಂದಿಳಿದ್ರೆ ಒಬ್ಬರು ಇನ್ನೊಬ್ಬರನ್ನ ಕರ್ಕೊಂಡು ಬಂದ್ರು ಅಂತ ಅನ್ಸೋದು ಸಹಜ. ವೈರ್ ಬಿಗಿ ಮಾಡಿದ ಮೂರ್ನಾಲ್ಕು ದಿನ ಹಲ್ಲು ನೋಯುತ್ತೆ, ಅದರ ಜೊತೆ ಅಗಿಯೋ ರೀತಿ ಬದಲಾಗಿ ಕೆನ್ನೆಯೂ ನೋಯಬಹುದು, ರಬ್ಬರ್ ಬ್ಯಾಂಡ್ ಹಾಕಿದಾಗ ಕೀಲಿನ ಹತ್ರ ಬಿಗಿ ಅನ್ಸಬಹುದು, ಅದು ಸಾಮಾನ್ಯವಾಗಿ ಇಳಿದುಹೋಗುತ್ತೆ. ಮೊದಲೇ ನೋಯ್ತಿರೋ ಕೀಲಿದ್ದವರಿಗೆ ಮಾತ್ರ ಇದು ಕೆಣಕಿದ ಹಾಗಾಗುತ್ತೆ, ಅದಕ್ಕೇ ನಾನು ಕ್ಲಿಪ್ಪಿಗೆ ಮುಂಚೆ ಕೀಲು ಮುಟ್ಟಿ ನೋಡದೆ ಅಳತೆ ತೆಗೆಯಲ್ಲ.

ಇದು ನನಗೆ ಮೊದಲಿಂದ ಗೊತ್ತಿತ್ತು ಅಂದ್ಕೋಬೇಡಿ. ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗ ಬಂದಿದ್ದ, ನಿಮ್ಮ ಮಗಳ ಹಾಗೇ, ಟಕ್ ಟಕ್, ಉಬ್ಬು ಹಲ್ಲು. ಅವರಪ್ಪನಿಗೆ ನಾನೇ ಧೈರ್ಯವಾಗಿ ಹೇಳಿದೆ, ಹಲ್ಲು ಸರಿ ಕೂತ್ರೆ ಸದ್ದು ನಿಂತುಹೋಗುತ್ತೆ ಸಾರ್ ಅಂತ. ಎರಡು ವರ್ಷ ಆಯ್ತು, ಹಲ್ಲು ಮುತ್ತಿನ ಹಾಗೆ ಕೂತ್ವು, ಕ್ಲಿಪ್ ಬಿಚ್ಚಿದ ದಿನ ಹುಡುಗ ಕನ್ನಡಿ ನೋಡಿ ದೊಡ್ಡದಾಗಿ ನಕ್ಕ, ಟಕ್ ಅಂತು. ಅವರಪ್ಪ ನನ್ನ ಮುಖ ನೋಡಿದ್ರು, ನಾನು ಗೋಡೆ ನೋಡಿದೆ. ಆಮೇಲಿಂದ ಆ ಮಾತು ಯಾರಿಗೂ ಹೇಳಿಲ್ಲ.

ಈಗ ಡಾಕ್ಟರ್ ಕಣ್ಣಿಂದ ತಪ್ಪಿಹೋಗಬಾರದ ಕೆಲವು ಕಾಯಿಲೆ ಇವೆ, ಅಪರೂಪ, ಆದ್ರೆ ಈ ವಯಸ್ಸಲ್ಲೇ ಬರೋದು, ಹಲ್ಲು ಮಾತ್ರ ನೋಡೋ ಕಣ್ಣಿಗೆ ಬೀಳಲ್ಲ. ಮಕ್ಕಳಿಗೆ ಬರೋ ಸಂಧಿವಾತ ಒಂದು. 16 ವರ್ಷಕ್ಕೆ ಮುಂಚೆ ಶುರುವಾಗಿ ಆರು ವಾರಕ್ಕಿಂತ ಜಾಸ್ತಿ ಇರೋ ಕೀಲೂತ, ದವಡೆ ಕೀಲಿಗೆ ಬಂದ್ರೆ ಎಷ್ಟೋ ಸಲ ನೋವೇ ಇಲ್ಲದೆ ಒಳಗೊಳಗೇ ಮೂಳೆ ತಿನ್ನುತ್ತೆ, ಗದ್ದ ಹಿಂದಕ್ಕೆ ಹೋಗ್ತಾ ಬರುತ್ತೆ. ಬೆಳಿಗ್ಗೆ ಎದ್ದಾಗ ಮಂಡಿ, ಮಣಿಕಟ್ಟು, ಬೆರಳು ಬಿಗಿಯಾಗಿರುತ್ತಾ, ಊದುತ್ತಾ ಅಂತ ಕೇಳಿ. ಇನ್ನೊಂದು, ಬೆಳೆಯೋ ಹುಡುಗೀರಲ್ಲೇ ಜಾಸ್ತಿ ಕಾಣೋದು, ಕಾರಣ ತಿಳಿಯದೆ ಕೀಲಿನ ಮೂಳೆ ತುದಿ ಕರಗೋದು. ಇದರಲ್ಲಿ ಬಾಯಿ ಮುಚ್ಚಿದಾಗ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ಮಧ್ಯೆ ಮೊದಲಿಲ್ಲದ ಸಂದು ಕಾಣಿಸಿಕೊಳ್ಳುತ್ತೆ, ಚಪಾತಿ ಮುಂದಿನ ಹಲ್ಲಲ್ಲಿ ಕಚ್ಚಿ ಹರಿಯಕ್ಕೆ ಆಗ್ತಿಲ್ಲ ಅಂತಾರೆ ಮಕ್ಕಳು. ಒಂದೇ ಕಡೆ ಮೂಳೆ ಜಾಸ್ತಿ ಬೆಳೆದು ಗದ್ದ ಪಕ್ಕಕ್ಕೆ ಸರಿಯೋದೂ ಉಂಟು. ಮತ್ತೆ ಮರೆತುಹೋದ ಏಟು. ಚಿಕ್ಕವಳಿದ್ದಾಗ ಸೈಕಲ್ಲಿಂದಲೋ ಮೆಟ್ಟಿಲಿಂದಲೋ ಬಿದ್ದು ಗದ್ದಕ್ಕೆ ಹೊಲಿಗೆ ಬಿದ್ದಿತ್ತಾ? ಗದ್ದದ ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿಬಿಡ್ತಾರೆ, ಮೇಲೆ ಕೀಲಿನ ಹತ್ರ ಮೂಳೆ ಮುರಿದಿರೋದನ್ನ ಯಾರೂ ನೋಡಿರಲ್ಲ. ಮೂರ್ನಾಲ್ಕು ವರ್ಷದಿಂದ ನೇರ ಮುಂದಿಂದ ತೆಗೆದ ಫೋಟೋಗಳನ್ನ, ಬರ್ತ್‌ಡೇದೋ ಸ್ಕೂಲಿಂದೋ, ಡಾಕ್ಟರ್‌ಗೆ ತೋರಿಸಿ, ಮುಖ ಒಂದು ಪಕ್ಕಕ್ಕೆ ಹೋಗ್ತಿದ್ಯಾ ಅಂತ ಅದರಲ್ಲಿ ಸುಲಭವಾಗಿ ಗೊತ್ತಾಗುತ್ತೆ. ಇವುಗಳಲ್ಲಿ ಯಾವುದಾದ್ರೂ ಇದ್ದು ಗೊತ್ತಿಲ್ಲದೆ ಕ್ಲಿಪ್ ಹಾಕಿದ್ರೆ, ಕೆಳಗೆ ಪಾಯ ಕುಸೀತಿರೋ ಮನೆಗೆ ಬಾಗಿಲು ಸರಿ ಮಾಡಿಸಿದ ಹಾಗೆ.

ಸ್ಕ್ಯಾನ್ ವಿಷಯ ಬೇಗ ಮುಗಿಸ್ತೀನಿ. ಓಪಿಜಿ ಅನ್ನೋ ಅಗಲದ ಎಕ್ಸ್‌ರೇ ಸಾಕಾಗುತ್ತೆ ಮೊದಲಿಗೆ, ಮೂಳೆ ಆಕಾರ ಕಾಣುತ್ತೆ, ಡಿಸ್ಕ್ ಕಾಣಲ್ಲ. ಡಿಸ್ಕ್ ಕಾಣೋದು ಎಂಆರ್‌ಐನಲ್ಲಿ, ಆದ್ರೆ ಯಾವ ತೊಂದರೆಯೂ ಇಲ್ಲದವರನ್ನ ತಂದು ಎಂಆರ್‌ಐ ಮಾಡಿದ್ರೂ ಹತ್ತಿರಹತ್ತಿರ ಮೂರರಲ್ಲಿ ಒಬ್ಬರಿಗೆ ಡಿಸ್ಕ್ ಸರಿದೇ ಇರುತ್ತೆ. ಹಾಗಾಗಿ ರಿಪೋರ್ಟ್‌ನಲ್ಲಿ ಡಿಸ್ಕ್ ಸರಿದಿದೆ ಅಂತ ಬಂದ್ರೆ ಅದೇ ನೋವಿಗೆ ಕಾರಣ ಅಂತ ಮುಗಿಸಿಬಿಡಕ್ಕಾಗಲ್ಲ. ಬಾಯಿ ಸಿಕ್ಕಿಹಾಕ್ಕೊಂಡೇ ಇದ್ರೆ, ಸಂಧಿವಾತದ ಅನುಮಾನ ಇದ್ರೆ ಮಾಡಿಸಿ. ಸುಮ್ಮನೆ ಬೇಡ. ದವಡೆ ಕೀಲಿನ ತೊಂದರೆ ಗುರುತಿಸಕ್ಕೆ 2014 ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದಲ್ಲೂ ಬಹುಪಾಲು ನೋವಿನ ನಿರ್ಧಾರ ಆಗೋದು ಕೇಳಿ, ಬೆರಳಲ್ಲಿ ಒತ್ತಿ ನೋಡಿ, ಸ್ಕೇಲ್ ಇಟ್ಟು ಬಾಯಿ ಅಳೆದು.

ಈಗ ಮನೇಲಿ ಏನು ಮಾಡ್ಬೇಕು ಅಂತ. ಈ ವಯಸ್ಸಿನ ಕೀಲು ನೋವು ಬಹುತೇಕ ಸಣ್ಣಪುಟ್ಟ ಕೆಲಸಕ್ಕೇ ಇಳಿಯುತ್ತೆ. ಎರಡು ಮೂರು ವಾರ ಮೆತ್ತಗಿನ ಊಟ, ಇದಕ್ಕೆ ನಮ್ಮಲ್ಲಿ ಯಾರೂ ಹೊಸದಾಗಿ ಡಯಟ್ ಚಾರ್ಟ್ ಕೊಡಬೇಕಾಗಿಲ್ಲ, ರಾಗಿಮುದ್ದೆ ಇದೆ, ಅದನ್ನ ಅಗಿಯೋದೇ ಇಲ್ಲ ನುಂಗೋದು. ಇಡ್ಲಿ, ಪೊಂಗಲ್, ಬಿಸಿಬೇಳೆಬಾತ್, ಮೊಸರನ್ನ. ನಿಪ್ಪಟ್ಟು, ಕೋಡುಬಳೆ, ಚಿಕ್ಕಿ, ಕಬ್ಬು, ಚೂಯಿಂಗ್ ಗಮ್ ಆಚೆಗಿಡಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟು ಆಕಳಿಸಲಿ. ರಾತ್ರಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕೆನ್ನೆಗೆ ಹತ್ತು ಹದಿನೈದು ನಿಮಿಷ. ನೋವಿನ ಮಾತ್ರೆ ಬೇಕಾದ್ರೆ ಅವಳ ತೂಕ ನೋಡಿ ಡಾಕ್ಟರ್ ಬರೆದುಕೊಟ್ಟದ್ದನ್ನ ಕೆಲವು ದಿನ, ಮೆಡಿಕಲ್ ಶಾಪಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಬೇಡ. ಪುಸ್ತಕದ ಮೇಲೆ, ಮೇಜಿನ ಮೇಲೆ ಒಂದು ಚುಕ್ಕಿ ಸ್ಟಿಕ್ಕರ್ ಅಂಟಿಸಿ, ಅದು ಕಂಡಾಗೆಲ್ಲ ಹಲ್ಲು ಬಿಡ್ಬೇಕು, ಭುಜ ಇಳಿಸ್ಬೇಕು ಅಂತ. ನಾನು ಕೊಡೋ ಎಲ್ಲ ಚಿಕಿತ್ಸೆಯಲ್ಲಿ ಅಗ್ಗದ್ದು ಇದು, ಫೀಸ್ ಕಮ್ಮಿ ಅಂತಾನೋ ಏನೋ ಯಾರೂ ಇದನ್ನ ಸೀರಿಯಸ್ಸಾಗಿ ತಗೊಳಲ್ಲ. ದವಡೆ ವ್ಯಾಯಾಮ ಗೊತ್ತಿರೋ ಫಿಸಿಯೋಥೆರಪಿಸ್ಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ನಿದ್ದೆ ಬಗ್ಗೆ ಕೇಳಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಟ್ಯೂಷನ್, ಆಮೇಲೆ ಸ್ಕೂಲ್ ವ್ಯಾನಲ್ಲಿ ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಹನ್ನೊಂದುವರೆವರೆಗೂ ಹೋಂವರ್ಕು, ಇಂಥ ಮಗುವಿನ ಮಾಂಸಖಂಡ ಯಾವಾಗ ಸಡಿಲ ಆಗ್ಬೇಕು ಹೇಳಿ? ನನ್ನ ಹತ್ರ ದವಡೆ ನೋವಿನ ಮಕ್ಕಳು ಜಾಸ್ತಿ ಬರೋದು ಜನವರಿಯಿಂದ ಮಾರ್ಚ್ ಒಳಗೆ, ಏಪ್ರಿಲ್‌ಗೆ ಎಷ್ಟೋ ಜನಕ್ಕೆ ತಾನಾಗೇ ಹೋಗಿರುತ್ತೆ. ಅವಳು ಬೇಜಾರಲ್ಲಿದ್ರೆ, ಸ್ಕೂಲಲ್ಲಿ ಏನಾದ್ರೂ ನಡೀತಿದ್ರೆ ಅದನ್ನೂ ಕೇಳಿ, ಇದು ನೆಪ ಹೇಳ್ತಾಳೆ ಅನ್ನೋ ಅರ್ಥದಲ್ಲಿ ಅಲ್ಲ, ನೋವು ನಿಜವಾಗ್ಲೂ ಅದರಿಂದ ಹೆಚ್ಚಾಗುತ್ತೆ.

ಇಷ್ಟಕ್ಕೂ ಇಳಿಯದಿದ್ರೆ ರಾತ್ರಿ ಹಾಕ್ಕೊಳ್ಳೋ ಸ್ಪ್ಲಿಂಟ್. ಗಟ್ಟಿ ಅಕ್ರಿಲಿಕ್‌ದು, ಒಂದು ಸಾಲಿನ ಎಲ್ಲ ಹಲ್ಲನ್ನೂ ಮುಚ್ಚೋದು, ರಾತ್ರಿ ಮಾತ್ರ. ಇದರಲ್ಲೂ ಅಪಾಯ ಇದೆ. ಮುಂದಿನ ನಾಲ್ಕಾರು ಹಲ್ಲು ಮಾತ್ರ ಮುಚ್ಚೋ ಚಿಕ್ಕದನ್ನ ಹಗಲು ರಾತ್ರಿ ಹಾಕಿಸಿದ್ರೆ ಮುಚ್ಚದೇ ಬಿಟ್ಟ ಹಲ್ಲು ಮೇಲೆದ್ದು ಬೈಟ್ ತೆರೆದುಕೊಂಡುಬಿಡುತ್ತೆ, ಮಕ್ಕಳಲ್ಲಿ ಇನ್ನೂ ಬೇಗ. ಆನ್‌ಲೈನ್‌ನಲ್ಲಿ ಸಿಗೋ ಬಿಸಿನೀರಲ್ಲಿ ಅದ್ದಿ ಕಚ್ಚೋ ಮೆತ್ತಗಿನವು ಬೇಡ, ಕೆಲವರು ಅದನ್ನ ಚೂಯಿಂಗ್ ಗಮ್ ಥರ ಅಗೀತಾ ಮಲಗ್ತಾರೆ. ಸ್ಪ್ಲಿಂಟ್ ಹಾಕಿದ್ರೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ತೋರಿಸ್ಬೇಕು. ಯಾರಾದ್ರೂ ಬೈಟ್ ಸರಿ ಮಾಡ್ತೀನಿ ಅಂತ ಹಲ್ಲು ಸವೆಸಕ್ಕೆ ಬಂದ್ರೆ ಎದ್ದು ಬನ್ನಿ, ಸವೆಸಿದ ಎನಾಮೆಲ್, ಅಂದ್ರೆ ಹಲ್ಲಿನ ಮೇಲಿನ ಗಟ್ಟಿ ಪದರ, ವಾಪಸ್ ಬೆಳೆಯಲ್ಲ.

ಕೊನೆಗೆ ಕ್ಲಿಪ್. ಮುಂದಿರೋ ಹಲ್ಲು, ಒತ್ತೊತ್ತಾಗಿರೋ ಹಲ್ಲು, ಇವಕ್ಕೆ ಕ್ಲಿಪ್ ಹಾಕಿಸೋದು ಸರಿಯಾದ ಕಾರಣವೇ, ಬಿದ್ದಾಗ ಉಬ್ಬು ಹಲ್ಲು ಮುರಿಯೋ ಸಾಧ್ಯತೆ ಜಾಸ್ತಿ, ಒತ್ತೊತ್ತು ಹಲ್ಲು ಉಜ್ಜೋದು ಕಷ್ಟ, ಅವಳಿಗೆ ನಗಕ್ಕೆ ಸಂಕೋಚ ಇದ್ರೆ ಅದೂ ಚಿಕ್ಕದಲ್ಲ. ಆದ್ರೆ ಅವಸರ ಇಲ್ಲ. ಬೆಳವಣಿಗೆ ಮುಗಿದುಹೋಗುತ್ತೆ ಈಗ್ಲೇ ಹಾಕ್ಸಿ ಅಂತ ಹೆದರಿಸಿದ್ರೆ ಒಂದು ಲೆಕ್ಕ ನೆನಪಿಟ್ಕೊಳ್ಳಿ, ಹೆಣ್ಣುಮಕ್ಕಳಲ್ಲಿ ದವಡೆ ಜೋರಾಗಿ ಬೆಳೆಯೋದು ಮೈನೆರೆಯೋಕ್ಕೆ ಸ್ವಲ್ಪ ಮುಂಚೆ. ಅವಳು ದೊಡ್ಡವಳಾಗಿ ವರ್ಷ ಎರಡು ವರ್ಷ ಆಗಿದ್ರೆ ಆ ಜೋರು ಬೆಳವಣಿಗೆ ಆಗಲೇ ದಾಟಿದೆ, ಇನ್ನೊಂದು ನಾಲ್ಕಾರು ತಿಂಗಳು ಕಾದ್ರೆ ಕಳ್ಕೊಳ್ಳೋದು ಏನಿಲ್ಲ. ಇನ್ನೂ ಆಗಿಲ್ಲ ಅಂದ್ರೆ ಮಾತು ಬೇರೆ, ಆಗ ಕೆಳದವಡೆ ಮುಂದೆ ತರೋ ಉಪಕರಣದ ಬಗ್ಗೆ ಬೇಗ ಕೂತು ಮಾತಾಡ್ಬೇಕು, ಅದೂ ಹಲ್ಲು ದವಡೆ ಹೊಂದಿಸಕ್ಕೆ, ಕೀಲು ನೋವಿಗಲ್ಲ. ಇನ್ನು ಮುಚ್ಚುವಾಗ ಕೆಳದವಡೆ ಪಕ್ಕಕ್ಕೆ ಜಾರಿ ಕೂರೋ ಥರ ಅಡ್ಡ ಬೈಟ್ ಇದ್ರೆ ಅದನ್ನ ತುಂಬ ಮುಂದೂಡಬಾರದು.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ನೋವು ಪೂರ್ತಿ ಇಳಿದು ಒಂದು ಮೂರು ತಿಂಗಳು ಸುಮ್ಮನಿರೋವರೆಗೂ ಕ್ಲಿಪ್ ಹಾಕಲ್ಲ. ಹಾಕೋ ಮುಂಚೆ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತೆ, ಯಾವ ಕಡೆ ಸದ್ದು, ಎಲ್ಲಿ ಒತ್ತಿದ್ರೆ ನೋವು ಅಂತ ಫೈಲಲ್ಲಿ ಬರೆದಿಡ್ತೀನಿ. ಮಧ್ಯೆ ನೋವು ಮರುಕಳಿಸಿದ್ರೆ ರಬ್ಬರ್ ಬ್ಯಾಂಡ್ ನಿಲ್ಲಿಸಿ, ವೈರ್ ಬಿಗಿ ಮಾಡದೆ ಹಾಗೇ ಬಿಟ್ಟು, ಕೀಲು ತಣ್ಣಗಾದ ಮೇಲೆ ಮುಂದುವರಿಸ್ತೀನಿ, ಎರಡು ವರ್ಷದ್ದು ಎರಡೂವರೆ ಆಗಬಹುದು. ಅಲೈನರ್, ಅಂದ್ರೆ ವೈರ್ ಬದಲು ಹಲ್ಲಿಗೆ ಹಾಕೋ ಪಾರದರ್ಶಕ ಕವಚ, ಹಾಕಿದ್ರೆ ಕೀಲಿಗೆ ಒಳ್ಳೇದು ಅಂತ ಈಗೀಗ ಹೇಳ್ತಾರೆ, ಈ ವಿಷಯದಲ್ಲಿ ವೈರ್‌ಗೂ ಅದಕ್ಕೂ ವ್ಯತ್ಯಾಸ ಇದೆ ಅಂತ ನಾನು ದುಡ್ಡು ಜಾಸ್ತಿ ತಗೊಳಲ್ಲ. ಹಲ್ಲು ಕೀಳೋದು ಬೇಕಾದ್ರೆ ಜಾಗದ ಲೆಕ್ಕಕ್ಕೆ ಬೇಕು ಅಥವಾ ಬೇಡ, ಕೀಲಿನ ಹೆಸರು ಅದರಲ್ಲಿ ತರ್ಬೇಡಿ.

ಇನ್ನೊಬ್ಬರ ಅಭಿಪ್ರಾಯ ಬೇಕು ಅಂದ್ರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜಿದೆ, ಸಾಲಲ್ಲಿ ಕಾಯ್ಬೇಕು, ಆದ್ರೆ ಕ್ಲಿಪ್ ಹಾಕೋರು, ದವಡೆ ಆಪರೇಷನ್ ಮಾಡೋರು ಎಲ್ಲ ವಿಭಾಗವೂ ಒಂದೇ ಕಡೆ ಇರುತ್ತೆ. ಆ ಕ್ಲಿನಿಕ್‌ನವರನ್ನೂ ಸುಮ್ಮನೆ ಬಿಡಬೇಡಿ, ಮುಂದೆ ಆಪರೇಷನ್ ಆಗುತ್ತೆ ಅಂದಿದ್ದು ಯಾವ ಪರೀಕ್ಷೆ ನೋಡಿ ಅಂತ ಮರ್ಯಾದೆಯಾಗೇ ಕೇಳಿ, ಕೀಲಿನ ಮೇಲೆ ಬೆರಳಿಟ್ಟು ನೋಡಿದ್ರಾ ಅಂತ ಮಗಳನ್ನ ಕೇಳಿ. ಈ ಹದಿಹರೆಯದಲ್ಲಿ ಆಪರೇಷನ್‌ವರೆಗೂ ಹೋಗೋರು ಬೆರಳೆಣಿಕೆ ಮಂದಿ. ಅದನ್ನ ಇವತ್ತು ರಾತ್ರಿಯೇ ಅವಳಿಗೆ ಹೇಳಿಬಿಡಿ, ಆಕಳಿಕೆ ಬಂದ್ರೆ ಬಾಯಿ ಬಿಗಿಹಿಡ್ಕೊಂಡು ಕೂತಿರ್ತಾಳೆ ಪಾಪ, ಆ ಬಿಗಿಗೇ ಇನ್ನಷ್ಟು ನೋಯುತ್ತೆ.